ಅಪೀಲು ಹಾಕಿದರೆ ಜಪ್ತಿ ನಿಲ್ಲುತ್ತದೆಯೇ?

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಒಂಬತ್ತನೇ ತರಗತಿಯ ಹುಡುಗನೊಬ್ಬ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಬಂದವನನ್ನು ಕರೆದು ಕೇಳಿದೆ. "ಮನೆ ತಾವ ಅಮೀನ್ ಬಂದಿದ್ರು ಸಾ. ಹೊಲ ಹರಾಜು ಅಂತ ಕಾಗದ ಅಂಟಿಸಿ ಹೋದ್ರು. ಅಪ್ಪ ಅಪೀಲ್ ಹಾಕವ್ರೆ ಸಾ, ಇನ್ನೇನೂ ಮಾಡಂಗಿಲ್ವಂತೆ" ಅಂದ. ಅವನ ಮುಖದಲ್ಲಿ ಭಯ ಇರಲಿಲ್ಲ. ಅಪೀಲು ಎಂಬ ಮಾತು ಮನೆಯವರಿಗೆಲ್ಲ ಅಷ್ಟು ಧೈರ್ಯ ಕೊಟ್ಟಿತ್ತು.

ನಿಜ ಹೇಳುತ್ತೇನೆ, ನಾನೂ ಹಾಗೇ ಅಂದುಕೊಂಡಿದ್ದೆ. ಮೇಲಿನ ಕೋರ್ಟಿನಲ್ಲಿ ಕೇಸು ಇದೆ ಎಂದ ಮೇಲೆ ಕೆಳಗಿನ ಕೋರ್ಟಿನ ತೀರ್ಪು ತಾನಾಗಿಯೇ ನಿಂತಹಾಗೆ, ಅಲ್ಲವೇ? ಸಂಜೆ ಪರಿಚಯದ ವಕೀಲರೊಬ್ಬರನ್ನು ಕೇಳಿದಾಗ ಅವರು ನಕ್ಕುಬಿಟ್ಟರು. "ಮೇಷ್ಟ್ರೇ, ಅಪೀಲು ಬೇರೆ, ಸ್ಟೇ ಬೇರೆ. ಅಪೀಲು ಹಾಕಿ ಸುಮ್ಮನೆ ಕೂತರೆ ಹೊಲ ಹೋಗುತ್ತದೆ" ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಇತಿಹಾಸ ಹೇಳಿಕೊಡುವವನಿಗೆ ಇದರ ಇತಿಹಾಸವೇ ಗೊತ್ತಿರಲಿಲ್ಲವಲ್ಲ ಎನಿಸಿತು. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬ್ರಿಟಿಷ್ ಇಂಡಿಯಾಕ್ಕೆ ಮೊದಲ ಸಿವಿಲ್ ಪ್ರಕ್ರಿಯಾ ಸಂಹಿತೆ ಬಂದದ್ದು 1859ರಲ್ಲಿ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ ನಿಲ್ಲುವುದಿಲ್ಲ, ಸಾಕಷ್ಟು ಕಾರಣ ತೋರಿಸಿದರೆ ಮೇಲಿನ ಕೋರ್ಟು ತಡೆಯಬಹುದು ಎಂಬ ನಿಯಮ ಆಗಲೇ ಅದರಲ್ಲಿತ್ತು. 1877, 1882, 1908ರಲ್ಲಿ ಸಂಹಿತೆಯನ್ನು ಮತ್ತೆ ಮತ್ತೆ ಹೊಸದಾಗಿ ಬರೆದರು. ಈ ನಿಯಮ ಮಾತ್ರ ಅಲುಗಾಡಲಿಲ್ಲ. ಇಂದಿಗೂ ನಡೆಯುತ್ತಿರುವ 1908ರ ಸಂಹಿತೆಯಲ್ಲಿ ಅದು 41ನೇ ಆದೇಶದ 5ನೇ ನಿಯಮ.

ಯಾಕೆ ಹೀಗೆ? ಸಾಲ ಕೊಟ್ಟವನ ಕಡೆಯಿಂದಲೂ ಒಂದು ಮಾತಿದೆ. ಅವನು ವರ್ಷಗಟ್ಟಲೆ ಅಲೆದು ಡಿಕ್ರಿ ಪಡೆದಿರುತ್ತಾನೆ. ಎದುರಾಳಿ ಒಂದು ಅಪೀಲು ಗೀಚಿ ಹಾಕಿದ ಕೂಡಲೇ ಎಲ್ಲವೂ ನಿಂತುಬಿಟ್ಟರೆ, ಸೋತವರೆಲ್ಲ ಕಾಲ ತಳ್ಳುವುದಕ್ಕಾಗಿಯೇ ಅಪೀಲು ಹಾಕುತ್ತಾರೆ. ಅಷ್ಟರಲ್ಲಿ ಆಸ್ತಿಯನ್ನು ಕೈ ಬದಲಾಯಿಸಿಯೂ ಬಿಡಬಹುದು. ಇಂಡಿಯಾದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕಿದ ಮೇಲೆ ಎಂಬ ಅರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಆಡಿತ್ತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ಹೇಳುವುದೂ ಇದನ್ನೇ.

ಆದರೆ ಸತ್ತವನ ಕಡೆಗೂ ಸ್ವಲ್ಪ ನೋಡಬೇಕಲ್ಲ. ಒಬ್ಬ ರೈತನ ಹೊಲ ಅಪೀಲು ನಡೆಯುತ್ತಿರುವಾಗಲೇ ಹರಾಜಾಯಿತು ಎಂದಿಟ್ಟುಕೊಳ್ಳಿ. ಎರಡು ವರ್ಷದ ಮೇಲೆ ಅಪೀಲಿನಲ್ಲಿ ರೈತನೇ ಗೆದ್ದ. ಹೊಲ ವಾಪಸು ಬರುತ್ತದೆಯೇ? ಹರಾಜಿನಲ್ಲಿ ಕೊಂಡವನು ಸಾಲ ಕೊಟ್ಟವನೇ ಆಗಿದ್ದರೆ ಬರುತ್ತದೆ. ತೀರ್ಪು ಬದಲಾದರೆ ಪಡೆದದ್ದನ್ನು ಹಿಂದಿರುಗಿಸಬೇಕು ಎಂದು ಸಂಹಿತೆಯ 144ನೇ ಕಲಂ ಹೇಳುತ್ತದೆ. ಆದರೆ ಕೇಸಿಗೆ ಸಂಬಂಧವೇ ಇಲ್ಲದ ಮೂರನೆಯವನು ಪ್ರಾಮಾಣಿಕವಾಗಿ ದುಡ್ಡು ಕೊಟ್ಟು ಕೊಂಡಿದ್ದರೆ ಬರುವುದಿಲ್ಲ. 1887ರಲ್ಲಿ ಪ್ರಿವಿ ಕೌನ್ಸಿಲ್ ಅಂಥವನ ಹಕ್ಕು ಉಳಿಯುತ್ತದೆ ಎಂದು ತೀರ್ಮಾನಿಸಿತು. ಕೋರ್ಟು ನಡೆಸಿದ ಹರಾಜನ್ನು ನಂಬಿ ಜನ ಬರಬೇಕಾದರೆ ಹಾಗಿರಬೇಕು ಎಂಬುದು ಇದರ ಹಿಂದಿನ ತರ್ಕ. ತರ್ಕ ಸರಿ. ಆದರೆ ಗೆದ್ದ ರೈತನಿಗೆ ಸಿಗುವುದು ದುಡ್ಡಿನ ಲೆಕ್ಕ ಮಾತ್ರ, ಅಜ್ಜ ಉತ್ತ ಮಣ್ಣಲ್ಲ. ತಡೆಯಾಜ್ಞೆ ಎಂಬುದು ಎಷ್ಟು ದೊಡ್ಡ ವಿಷಯ ಎಂದು ನನಗೆ ಅರ್ಥವಾದದ್ದು ಇದನ್ನು ಓದಿದಾಗ.

ಇನ್ನು ಆ ತಡೆಯಾಜ್ಞೆ ಸಿಗುವ ಬಗೆ. 5ನೇ ನಿಯಮ ಮೂರು ಷರತ್ತು ಹಾಕುತ್ತದೆ. ತಡೆ ಕೊಡದಿದ್ದರೆ ಅರ್ಜಿದಾರನಿಗೆ ಗಣನೀಯ ನಷ್ಟವಾಗುತ್ತದೆ ಎಂದು ಕಾಣಬೇಕು. ತಡಮಾಡದೆ ಅರ್ಜಿ ಹಾಕಿರಬೇಕು. ಡಿಕ್ರಿಯ ಹಣಕ್ಕೆ ಭದ್ರತೆ ಕೊಟ್ಟಿರಬೇಕು. ಮೊದಲಿನ ಎರಡು ಬಡವನಿಗೂ ಸಾಧ್ಯ. ಮೂರನೆಯದೇ ಕಷ್ಟ. ಸಾಲ ತೀರಿಸಲು ಗತಿಯಿಲ್ಲದವನು ಭದ್ರತೆ ಎಲ್ಲಿಂದ ತರಬೇಕು? ಇದ್ದ ಒಂದು ಹೊಲ ಆಗಲೇ ಜಪ್ತಿಯಾಗಿದೆ. ಅಂದ ಹಾಗೆ, ಸರ್ಕಾರವೇ ಸೋತು ಅಪೀಲು ಹಾಕಿದರೆ ಈ ಭದ್ರತೆ ಕೇಳುವಂತಿಲ್ಲ, ಅದಕ್ಕೆ ಬೇರೆ ನಿಯಮವೇ ಇದೆ!

ಈ ಕಷ್ಟ ಹೊಸದಲ್ಲ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ರೈತರು ಸಾಹುಕಾರರ ಅಂಗಡಿ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಬೀದಿಗೆ ತಂದು ಸುಟ್ಟರು. ಗಲಭೆ ಅಹ್ಮದ್‌ನಗರ ಜಿಲ್ಲೆಗೂ ಹಬ್ಬಿತು. ನಮ್ಮ ಪಠ್ಯಪುಸ್ತಕದಲ್ಲಿ ಇದು ದಖನ್ ದಂಗೆ. ಮಕ್ಕಳು ಇಸವಿ ಬಾಯಿಪಾಠ ಮಾಡಿ ಮರೆಯುತ್ತಾರೆ. ಸುಟ್ಟದ್ದು ಯಾಕೆ ಕಾಗದವನ್ನೇ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಆ ಕಾಗದವೇ ಕೋರ್ಟಿನಲ್ಲಿ ಡಿಕ್ರಿಯಾಗುತ್ತಿತ್ತು, ಡಿಕ್ರಿಯೇ ಜಪ್ತಿಯಾಗುತ್ತಿತ್ತು. ಕೋರ್ಟಿಗೆ ಬಾರದ, ಬಂದರೂ ಓದಲು ಬಾರದ ರೈತನ ಮೇಲೆ ಏಕಪಕ್ಷೀಯವಾಗಿ ಡಿಕ್ರಿ ಆಗಿಬಿಡುತ್ತಿತ್ತು. ಅಂಥವನಿಗೆ ಅಪೀಲು ಎಂಬ ದಾರಿ ಇದ್ದೂ ಇಲ್ಲದ ಹಾಗೆ.

ಆ ದಂಗೆಯ ಫಲವಾಗಿ 1879ರಲ್ಲಿ ದಖನ್ ವ್ಯವಸಾಯಗಾರರ ನೆರವಿನ ಕಾಯಿದೆ ಬಂತು. ಮೊದಲಿಗೆ ಪುಣೆ, ಸತಾರಾ, ಅಹ್ಮದ್‌ನಗರ ಮತ್ತು ನಮ್ಮ ಕನ್ನಡದವರೂ ಇರುವ ಸೊಲ್ಲಾಪುರ ಜಿಲ್ಲೆಗಳಿಗೆ. ಸಾಲದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕುವಂತಿಲ್ಲ, ನಿರ್ದಿಷ್ಟವಾಗಿ ಅಡವಿಟ್ಟಿಲ್ಲದ ಜಮೀನನ್ನು ಜಪ್ತಿ ಮಾಡುವಂತಿಲ್ಲ, ಡಿಕ್ರಿಯಾದ ಮೇಲೂ ಕಂತು ಕಟ್ಟಿಕೊಡಬಹುದು ಎಂದು ಆ ಕಾಯಿದೆ ಹೇಳಿತು. ಒಂದು ಸ್ವಾರಸ್ಯ ನೋಡಿ. ಸಣ್ಣ ವ್ಯಾಜ್ಯಗಳಲ್ಲಿ ಅದು ಅಪೀಲನ್ನೇ ತೆಗೆದುಹಾಕಿ, ಮೇಲಿನ ನ್ಯಾಯಾಧೀಶರೇ ಕಡತ ತರಿಸಿ ನೋಡುವ ಏರ್ಪಾಡು ಮಾಡಿತು. ರೈತ ಅಪೀಲಿಗೆ ಹೋಗಲಾರ, ಹೋದರೂ ಅಲ್ಲಿ ಉಳಿಯಲಾರ ಎಂಬುದನ್ನು ಕಾಯಿದೆ ಮಾಡಿದವರೇ ಒಪ್ಪಿಕೊಂಡ ಹಾಗಾಯಿತು. ಮೈಸೂರು ಸಂಸ್ಥಾನವೂ 1928ರಲ್ಲಿ ಇಂಥದೇ ಒಂದು ಕಾಯಿದೆ ಮಾಡಿತು.

ನಮ್ಮ ಹೊಸೂರು ಆಗ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. ಅಲ್ಲಿ ಪರಿಸ್ಥಿತಿ ಬಿಗಡಾಯಿಸಿದ್ದು 1929ರ ನಂತರ, ಲೋಕವೆಲ್ಲ ಮುಗ್ಗಟ್ಟಿಗೆ ಸಿಕ್ಕಾಗ. ಧಾನ್ಯದ ಬೆಲೆ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಸಾಲ ಮಾತ್ರ ಮೊದಲಿನಷ್ಟೇ ಇತ್ತು. ಅಂದರೆ ಒಂದು ಪಲ್ಲ ರಾಗಿ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಎರಡು ಪಲ್ಲ ಮಾರಬೇಕಾಯಿತು. ಪ್ರಾಂತ್ಯದ ಹಳ್ಳಿಗಳ ಸಾಲ ಸುಮಾರು 150 ಕೋಟಿ ರೂಪಾಯಿ ಎಂದು 1930ರ ಬ್ಯಾಂಕಿಂಗ್ ವಿಚಾರಣಾ ಸಮಿತಿ ಅಂದಾಜು ಮಾಡಿತ್ತು. 1935ರಲ್ಲಿ ಸತ್ಯನಾಥನ್ ಎಂಬ ಅಧಿಕಾರಿ ವರದಿ ಬರೆಯುವ ಹೊತ್ತಿಗೆ ಅದು 200 ಕೋಟಿ.

1937ರ ಜುಲೈಯಲ್ಲಿ ರಾಜಗೋಪಾಲಾಚಾರಿಯವರು ಮದರಾಸಿನ ಪ್ರಧಾನಿಯಾದರು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿ, ಹೊಸೂರಿನ ಶಾಲೆಯಲ್ಲೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಓದಿ, ಸೇಲಂನಲ್ಲಿ ವಕೀಲಿ ಮಾಡಿದವರು. ಅವರ ಸರ್ಕಾರ ತಂದ ಮದರಾಸು ವ್ಯವಸಾಯಗಾರರ ನೆರವಿನ ಕಾಯಿದೆ 1938ರ ಮಾರ್ಚ್ 22ರಂದು ಜಾರಿಗೆ ಬಂತು. ಹೊಸೂರಿಗೆ ಮಾತ್ರವಲ್ಲ, ಕಾಸರಗೋಡು, ವಯನಾಡು, ನೀಲಗಿರಿ, ಆದೋನಿ, ರಾಯದುರ್ಗ, ಮಡಕಶಿರಾ, ಬಳ್ಳಾರಿ, ಮಂಗಳೂರು ಎಲ್ಲಕ್ಕೂ. ಇವತ್ತು ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗಿರುವ ಕನ್ನಡದ ರೈತರು ಅಂದು ಒಂದೇ ಕಾಯಿದೆಯ ಕೆಳಗಿದ್ದರು.

ಕಾಯಿದೆಯ ಲೆಕ್ಕ ಹೀಗಿತ್ತು. 1932ರ ಅಕ್ಟೋಬರ್ 1ಕ್ಕೆ ಮುಂಚಿನ ಸಾಲವಾದರೆ, 1937ರ ಅಕ್ಟೋಬರ್ 1ರವರೆಗೆ ಬಾಕಿಯಿದ್ದ ಬಡ್ಡಿ ಪೂರ್ತಿ ಮನ್ನಾ. ಅಸಲಿನ ಎರಡರಷ್ಟು ಆಗಲೇ ಕಟ್ಟಿದ್ದರೆ ಸಾಲವೇ ತೀರಿತು. ಅಷ್ಟು ಕಟ್ಟಿಲ್ಲದಿದ್ದರೆ, ಎರಡರಷ್ಟಕ್ಕೆ ಎಷ್ಟು ಕಡಿಮೆಯೋ ಅದು ಅಥವಾ ಬಾಕಿ ಅಸಲು, ಯಾವುದು ಕಡಿಮೆಯೋ ಅದನ್ನು ಕೊಟ್ಟರೆ ಸಾಕು. 100 ರೂಪಾಯಿ ಸಾಲ ತಂದವನು ವರ್ಷವರ್ಷ ಬಡ್ಡಿಯೆಂದೇ 150 ಕಟ್ಟಿದ್ದಾನೆ, ಅಸಲು ಹಾಗೇ ಇದೆ ಎನ್ನಿ. ಅವನು ಇನ್ನು ಕೊಡಬೇಕಾದ್ದು 50 ಮಾತ್ರ. ಬಡ್ಡಿ ಅಸಲನ್ನು ಮೀರಬಾರದು ಎಂಬ ನಮ್ಮ ಹಳೆಯ ದಾಮದುಪ್ಪಟ್ಟಿನ ಧರ್ಮವೇ ಇದಕ್ಕೆ ತಳಹದಿ. 1932ರ ನಂತರದ ಸಾಲಕ್ಕೆ ಬಡ್ಡಿಯನ್ನು ನೂರಕ್ಕೆ 5ರಂತೆ ಮತ್ತೆ ಲೆಕ್ಕ ಹಾಕಬೇಕಿತ್ತು.

ಆದರೆ ಡಿಕ್ರಿ ಆಗಿಹೋಗಿದ್ದರೆ? ಡಿಕ್ರಿ ಕೊಟ್ಟ ಕೋರ್ಟಿಗೇ ಅರ್ಜಿ ಹಾಕಿ ಅದನ್ನು ತಿದ್ದಿಸಿಕೊಳ್ಳಲು 19ನೇ ಕಲಂ ಇತ್ತು. ಅರ್ಜಿ ತೀರ್ಮಾನವಾಗುವ ಹೊತ್ತಿಗೆ ಹೊಲ ಹರಾಜಾಗಿಬಿಟ್ಟರೆ? ಅದಕ್ಕೇ 20ನೇ ಕಲಂ. ಕಾಯಿದೆಯ ನೆರವಿಗೆ ಅರ್ಹನಾದ ರೈತ ಅರ್ಜಿ ಕೊಟ್ಟರೆ ಕೋರ್ಟು ಅಮಲ್ಜಾರಿಯನ್ನು ನಿಲ್ಲಿಸಲೇಬೇಕು. ನಿಲ್ಲಿಸಬಹುದು ಎಂದಲ್ಲ. ಭದ್ರತೆಯ ಷರತ್ತೂ ಅದರಲ್ಲಿರಲಿಲ್ಲ. ಒಂದೇ ಕಟ್ಟಳೆ, ತಡೆ ಸಿಕ್ಕ 60 ದಿನದೊಳಗೆ ಡಿಕ್ರಿ ತಿದ್ದುವ ಅರ್ಜಿ ಹಾಕಬೇಕು. ಹಾಕದಿದ್ದರೆ, ಹಾಕಿದ್ದು ವಜಾ ಆದರೆ, ಡಿಕ್ರಿ ಇದ್ದಹಾಗೇ ಜಾರಿಯಾಗುತ್ತದೆ. 1937ರ ಅಕ್ಟೋಬರ್ 1ರ ನಂತರ ಹರಾಜಾಗಿಹೋಗಿದ್ದ ಜಮೀನಿಗೂ 90 ದಿನದೊಳಗೆ ಅರ್ಜಿ ಹಾಕಿ ಹರಾಜು ರದ್ದು ಮಾಡಿಸಲು ಅವಕಾಶ ಕೊಟ್ಟರು. ಬಡವನಿಗೆ ಬೇಕಾದದ್ದು ಮೊದಲು ಸಮಯ, ಆಮೇಲೆ ನ್ಯಾಯ ಎಂಬುದು ಆ ಹಳೆಯ ವಕೀಲರಿಗೆ ತಿಳಿದಿತ್ತು ಎನ್ನಿಸುತ್ತದೆ.

ಕಾಯಿದೆಯಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಮಾರುವ ಹಕ್ಕಿರುವ ಜಮೀನು ಉಳ್ಳವನೇ ಅದರ ಲೆಕ್ಕದಲ್ಲಿ ವ್ಯವಸಾಯಗಾರ. ಕೂಲಿಯವನ ಸಾಲ ಹಾಗೇ ಉಳಿಯಿತು. ಸಹಕಾರ ಸಂಘದ ಸಾಲಕ್ಕೆ ಅದು ಅನ್ವಯಿಸಲಿಲ್ಲ. ಸಾಲ ಕೊಟ್ಟವರು ಸುಮ್ಮನಿರಲಿಲ್ಲ, ಪ್ರೋನೋಟಿನ ವಿಷಯ ಪ್ರಾಂತ್ಯದ ಶಾಸನಸಭೆಗೆ ಸೇರಿದ್ದಲ್ಲ ಎಂಬ ವಾದ ಫೆಡರಲ್ ಕೋರ್ಟಿನವರೆಗೂ ಹೋಯಿತು. ಪ್ರೋನೋಟು ಡಿಕ್ರಿಯಾಗಿ ಮಾರ್ಪಟ್ಟಿದ್ದರೆ ಕಾಯಿದೆ ಅದಕ್ಕೆ ತಗಲುತ್ತದೆ ಎಂದು ಬಹುಮತದ ತೀರ್ಪಾಯಿತು.

ಸ್ವಾತಂತ್ರ್ಯದ ನಂತರ ಸಾಮಾನ್ಯ ಕಾನೂನು ಸಡಿಲವಾಯಿತೇ? ಇಲ್ಲ, ಇನ್ನೂ ಬಿಗಿಯಾಯಿತು. 1976ರ ತಿದ್ದುಪಡಿಯ ಪ್ರಕಾರ ಹಣದ ಡಿಕ್ರಿಯ ಮೇಲೆ ಅಪೀಲು ಹಾಕಿದವನು ವಿವಾದದ ಹಣವನ್ನು ಠೇವಣಿ ಇಡಬೇಕು, ಇಲ್ಲವೇ ಭದ್ರತೆ ಕೊಡಬೇಕು, ಇಲ್ಲದಿದ್ದರೆ ತಡೆಯಾಜ್ಞೆ ಇಲ್ಲ. ನಗದೇ ಕೇಳಬೇಕೋ ಭದ್ರತೆ ಸಾಕೋ ಎಂಬುದು ಅಪೀಲು ಕೋರ್ಟಿನ ವಿವೇಚನೆಗೆ ಬಿಟ್ಟದ್ದು ಎಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ 1976ರಲ್ಲಿ ಒಂದು ಒಳ್ಳೆಯದೂ ಆಯಿತು. ತಡೆಯಾಜ್ಞೆಯ ಪ್ರತಿ ಕೆಳಗಿನ ಕೋರ್ಟಿಗೆ ತಲುಪುವ ಮೊದಲೇ ಹರಾಜು ನಡೆದುಹೋಗುವ ಅನ್ಯಾಯ ತಪ್ಪಿಸಲು, ಆಜ್ಞೆಯಾಗಿದೆ ಎಂದು ಅಪೀಲುದಾರ ತನ್ನ ಸ್ವಂತ ಅರಿವಿನಿಂದ ಮಾಡಿದ ಪ್ರಮಾಣಪತ್ರವನ್ನೇ ಕೆಳಗಿನ ಕೋರ್ಟು ನಂಬಿ ನಡೆಯಬೇಕು ಎಂದು ಸೇರಿಸಿದರು.

ಇನ್ನೊಂದು ನಿಯಮ ಹಳ್ಳಿಯವರಿಗೆ ಮುಖ್ಯವಾಗಿ ಗೊತ್ತಿರಬೇಕು. 41ನೇ ಆದೇಶದ 6ನೇ ನಿಯಮದ ಎರಡನೇ ಭಾಗ. ಜಮೀನು ಹರಾಜಿಗೆ ಆಜ್ಞೆಯಾಗಿದ್ದು ಅಪೀಲು ಬಾಕಿಯಿದ್ದರೆ, ಹರಾಜಿನ ಆಜ್ಞೆ ಮಾಡಿದ ಕೋರ್ಟಿಗೇ ಅರ್ಜಿ ಕೊಡಬಹುದು. ಭದ್ರತೆ ಮೊದಲಾದ ಸೂಕ್ತ ಷರತ್ತು ಹಾಕಿ ಆ ಕೋರ್ಟು ಹರಾಜನ್ನು ಅಪೀಲು ಮುಗಿಯುವವರೆಗೆ ನಿಲ್ಲಿಸಬೇಕು. ಇಲ್ಲೂ ಭಾಷೆ ಕಡ್ಡಾಯದ್ದು. ಜೊತೆಗೆ 60ನೇ ಕಲಂ ಪ್ರಕಾರ ರೈತನ ಉಳುಮೆಯ ಸಾಮಾನು, ಜೀವನಕ್ಕೆ ಬೇಕಾದ ದನ, ವಾಸದ ಮನೆ, ಹೆಂಗಸರು ಧರ್ಮದ ಕಟ್ಟಳೆಯಂತೆ ತೆಗೆಯಲಾಗದ ಒಡವೆ ಇವನ್ನು ಸಾಮಾನ್ಯ ಹಣದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ.

ಆ ಹುಡುಗನ ತಂದೆಗೆ ನಾನು ಹೇಳಿದ್ದು ಇಷ್ಟೇ: "ಅಣ್ಣಾ, ನಾಳೆನೇ ವಕೀಲರ ಹತ್ರ ಹೋಗಿ ಸ್ಟೇಗೆ ಅರ್ಜಿ ಹಾಕಿಸಿ." ಹರಾಜಿಗೆ ಹನ್ನೊಂದು ದಿನ ಉಳಿದಿತ್ತು. ಹುಡುಗನ ಸೋದರಮಾವ ತನ್ನ ಒಂದೂವರೆ ಎಕರೆಯನ್ನು ಭದ್ರತೆಯಾಗಿ ತೋರಿಸಿದರು, ಹರಾಜು ನಿಂತಿತು. ಎರಡು ವರ್ಷದ ಮೇಲೆ ಅಪೀಲಿನಲ್ಲಿ ಅಸಲು ಉಳಿಯಿತು, ಬಡ್ಡಿ ಇಳಿಯಿತು, ಕಂತಿನಲ್ಲಿ ಕಟ್ಟಿದರು. ಹೊಲದಲ್ಲಿ ಈಗಲೂ ರಾಗಿ ಬೆಳೆಯುತ್ತಿದೆ. ಆದರೆ ಸೋದರಮಾವನಿಲ್ಲದವರ ಗತಿ ಏನು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. 1938ರ ಆ 20ನೇ ಕಲಂ ಬರೆದವರು ಯೋಚಿಸಿದ್ದು ಅಂಥವರ ಬಗ್ಗೆಯೇ ಇರಬೇಕು.

ಈಗ ದಖನ್ ದಂಗೆಯ ಪಾಠ ಮಾಡುವಾಗ ನಾನು ಇಸವಿಯನ್ನು ಕೊನೆಗೆ ಹೇಳುತ್ತೇನೆ. ಮೊದಲು ಕೇಳುವುದು, "ಸುಟ್ಟದ್ದು ಕಾಗದವನ್ನೇ ಯಾಕೆ, ಹೇಳಿ ನೋಡೋಣ?" ಪ್ರತಿ ವರ್ಷ ಒಬ್ಬಿಬ್ಬರಾದರೂ ಸರಿಯಾದ ಉತ್ತರ ಕೊಡುತ್ತಾರೆ. ಅವರ ಮನೆಗೂ ಅಮೀನ ಬಂದಿರುತ್ತಾನೆ ಎಂದು ನನಗೆ ಆಗ ಗೊತ್ತಾಗುತ್ತದೆ.