ವಿಕ್ಟರ್ ಎತ್ತಿಟ್ಟ ತಟ್ಟೆ

ನರ್ಸರಿ ಶಾಲೆಗಳಲ್ಲಿ ಗುಂಡಿ ಹಾಕಲು ಕಲಿಸುವ ಮರದ ಚೌಕಟ್ಟನ್ನು ನೀವು ನೋಡಿರಬಹುದು. ಅದರ ಚರಿತ್ರೆ ಮಾತು ಬಾರದ ಒಬ್ಬ ಬಾಲಕನವರೆಗೆ ಹೋಗುತ್ತದೆ.

ಫ್ರಾನ್ಸಿನ ಅವೇರೋನ್ ಕಾಡುಗಳಲ್ಲಿ ಅಲೆಯುತ್ತಿದ್ದ, ಸುಮಾರು 12 ವರ್ಷದ ವಿಕ್ಟರನನ್ನು 1800ರಲ್ಲಿ ಪ್ಯಾರಿಸಿಗೆ ತಂದರು. ಹೆಸರಾಂತ ವೈದ್ಯ ಪಿನೆಲ್ ಅವನು ಸುಧಾರಿಸಲಾರ ಎಂದರು. ಯುವ ವೈದ್ಯ ಇಟಾರ್ ಒಪ್ಪದೆ ಸುಮಾರು 5 ವರ್ಷ ಕಲಿಸಿದರು. ಮಾತು ಬರಲಿಲ್ಲ. ಬಟ್ಟೆ ತೊಡಲು, ಊಟದ ಮೇಜು ಅಣಿಮಾಡಲು ಕಲಿತ. ಅವನನ್ನು ಸಾಕುತ್ತಿದ್ದ ಗೆರೇನ್ ಎಂಬಾಕೆಯ ಪತಿ ತೀರಿಕೊಂಡಾಗ, ಎಂದಿನಂತೆ ಅವರ ತಟ್ಟೆಯನ್ನೂ ಇಟ್ಟ. ಆಕೆ ಅಳುವುದನ್ನು ಕಂಡು ಅದನ್ನು ಎತ್ತಿಟ್ಟ, ಮತ್ತೆಂದೂ ಇಡಲಿಲ್ಲ. ಇಟಾರ್ 1806ರ ವರದಿಯಲ್ಲಿ ಇದನ್ನು ದಾಖಲಿಸಿದ್ದಾರೆ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ, ಹೇಳಿ?

ಇಟಾರ್ ಹಾದಿಯನ್ನು ಸೆಗೇನ್ ಮುಂದುವರಿಸಿದರು. ಇಬ್ಬರನ್ನೂ ಓದಿದ ಮಾಂಟೆಸ್ಸರಿ, 1907ರಲ್ಲಿ ರೋಮಿನಲ್ಲಿ ತೆರೆದ ತಮ್ಮ ಶಾಲೆಗೆ ಆ ಕಲಿಕೆಯನ್ನು ತಂದರು. ವಿಕ್ಟರ್ 1828ರಲ್ಲಿ ತೀರಿಕೊಳ್ಳುವವರೆಗೂ ಗೆರೇನ್ ಅವರೊಂದಿಗೇ ಇದ್ದ.