ತಮ್ಮೂಜ್ ಸ್ಥಾವರದ ಮೇಲಣ ದಾಳಿ ಮತ್ತು ಅದರ ಪರಿಣಾಮಗಳು

ವೈರಿರಾಷ್ಟ್ರದ ಪರಮಾಣು ಸ್ಥಾವರವನ್ನು ಧ್ವಂಸಮಾಡಿದರೆ ಆ ರಾಷ್ಟ್ರದ ಅಸ್ತ್ರಾಕಾಂಕ್ಷೆಯೂ ಅದರೊಡನೆ ಅಳಿಯುವುದೆ? ಈ ಪ್ರಶ್ನೆಯನ್ನು ಇರಾಕಿನ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದಲ್ಲಿ ನಮ್ಮ ಉದ್ದೇಶ.

1981ನೆಯ ಜೂನ್ 7ರಂದು ಇಸ್ರೇಲಿನ ಎಂಟು ಎಫ್-16 ವಿಮಾನಗಳು, ಬಾಗ್ದಾದಿನ ಆಗ್ನೇಯಕ್ಕಿರುವ ತುವೈಥಾದಲ್ಲಿ ಫ್ರಾನ್ಸಿನ ನೆರವಿನಿಂದ ನಿರ್ಮಿತವಾಗುತ್ತಿದ್ದ ತಮ್ಮೂಜ್-1 ಅಥವಾ ಓಸಿರಾಕ್ ಎಂಬ ರಿಯಾಕ್ಟರನ್ನು ನಾಶಪಡಿಸಿದವು. ಇರಾನ್ ಕೂಡ 1980ರ ಸೆಪ್ಟೆಂಬರಿನಲ್ಲಿ ಅದೇ ನೆಲೆಯ ಮೇಲೆ ದಾಳಿ ನಡಸಿತ್ತು. ಆಗ ಆದ ಹಾನಿ ಅಲ್ಪ. ಇಸ್ರೇಲಿನ ಪ್ರಧಾನಿ ಬೆಗಿನ್ ತಮ್ಮ ಕೃತ್ಯವನ್ನು ಆತ್ಮರಕ್ಷಣೆಯೆಂದು ಸಮರ್ಥಿಸಿದರು. ವಿಶ್ವಸಂಸ್ಥೆಯ ಭದ್ರತಾ ಮಂಡಲಿ ಇದನ್ನೊಪ್ಪದೆ, ಜೂನ್ 19ರ 487ನೆಯ ನಿರ್ಣಯದಲ್ಲಿ ದಾಳಿಯನ್ನು ಸರ್ವಾನುಮತದಿಂದ ಖಂಡಿಸಿತು. ಅಮೆರಿಕವೂ ಅದರ ಪರವಾಗಿಯೇ ಮತವಿತ್ತಿತು. ಪರಮಾಣ್ವಸ್ತ್ರ ಪ್ರಸರಣ ನಿಷೇಧ ಒಪ್ಪಂದಕ್ಕೆ ಇರಾಕ್ ಸೇರಿದ್ದಿತು, ಇಸ್ರೇಲ್ ಸೇರಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಕಟ್ಟಡವೇನೋ ಕುಸಿಯಿತು, ಆದರೆ ಯತ್ನ ನಿಲ್ಲಲಿಲ್ಲ. ತಮ್ಮೂಜ್ ಸ್ಥಾವರ ವಿದೇಶೀ ತಂತ್ರಜ್ಞರ ಕಣ್ಣೆದುರಿನಲ್ಲಿದ್ದು, ಅಂತರರಾಷ್ಟ್ರೀಯ ಪರಮಾಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಟ್ಟಿದ್ದಿತು. ದಾಳಿಯ ಬಳಿಕ ಇರಾಕ್ ಪ್ಲುಟೋನಿಯಂ ಮಾರ್ಗವನ್ನು ಹಿಂದಿಕ್ಕಿ, ವಿದ್ಯುತ್ಕಾಂತೀಯ ವಿಧಾನದಿಂದ ಯುರೇನಿಯಂ ಪುಷ್ಟೀಕರಣಕ್ಕೆ ರಹಸ್ಯವಾಗಿ ತೊಡಗಿತು. ಘೋಷಿತ ಸ್ಥಾವರಗಳನ್ನಷ್ಟೇ ನೋಡುತ್ತಿದ್ದ ತಪಾಸಕರಿಗೆ ಇದು ಗೋಚರಿಸಲಿಲ್ಲ. 1991ರ ಕೊಲ್ಲಿ ಯುದ್ಧಾನಂತರದ ತನಿಖೆಯಿಂದಲೇ ಅದರ ವಿಸ್ತಾರ ಜಗತ್ತಿಗೆ ತಿಳಿದುಬಂದಿತು. ಸದ್ದಾಂ ಹುಸೇನರ ಆಕಾಂಕ್ಷೆ ದಾಳಿಗೆ ಮೊದಲೂ ಇದ್ದಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ದಾಳಿಯಿಂದ ಇರಾಕಿಗೆ ವಿಳಂಬವಾಯಿತೆಂಬ ವಾದದಲ್ಲಿಯೂ ಹುರುಳುಂಟು. ಆದರೆ ಆ ವಿಳಂಬಕ್ಕೆ ತೆತ್ತ ಬೆಲೆ, ಕಾಣುತ್ತಿದ್ದುದು ಕಾಣದಂತಾದುದು.

ಎರಡನೆಯ ಪರಿಣಾಮ ಪೂರ್ವನಿದರ್ಶನದ್ದು. 2007ರಲ್ಲಿ ಸಿರಿಯದ ಮೇಲೆ ಇಸ್ರೇಲ್, 2025ರ ಜೂನ್‌ನಲ್ಲಿ ಇರಾನಿನ ಮೇಲೆ ಇಸ್ರೇಲ್ ಹಾಗೂ ಅಮೆರಿಕ ಇದೇ ಹಾದಿಯನ್ನು ತುಳಿದವು.

ಇದಕ್ಕೆ ಪ್ರತಿಯಾದ ಮಾರ್ಗವೊಂದು ನಮ್ಮ ಉಪಖಂಡದಲ್ಲಿಯೇ ಉಂಟು. ಪರಸ್ಪರರ ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡಕೂಡದೆಂದು ಭಾರತ ಪಾಕಿಸ್ತಾನಗಳು 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡವು. 1992ರಿಂದ ಪ್ರತಿವರ್ಷದ ಜನವರಿ 1ರಂದು ಸ್ಥಾವರಗಳ ಪಟ್ಟಿಗಳ ವಿನಿಮಯ ನಡೆದುಬಂದಿದೆ. 1999ರ ಕಾರ್ಗಿಲ್ ಯುದ್ಧವೂ ಅದನ್ನು ತಡೆಯಲಿಲ್ಲ. ಈ ಒಪ್ಪಂದ ಎರಡು ರಾಷ್ಟ್ರಗಳನ್ನೂ ಅಸ್ತ್ರರಹಿತವನ್ನಾಗಿ ಮಾಡಲಿಲ್ಲವೆಂಬುದು ನಿಜ. ಆದರೂ ದಾಳಿಯಿಂದ ಸಾಧ್ಯವಾಗದ ಒಂದನ್ನು, ಎಂದರೆ ಎದುರಾಳಿಯಲ್ಲಿ ಏನಿದೆಯೆಂಬ ಕಿಂಚಿತ್ ಅರಿವನ್ನು, ಅದು ಉಳಿಸಿಕೊಂಡಿದೆ. ಇಂಥ ದಾಳಿಗಳ ಫಲಾಫಲವನ್ನು ಅಳೆಯುವ ವಿದ್ಯಾರ್ಥಿಗಳು ಕೆಡಹಿದ ಕಟ್ಟಡಗಳನ್ನಲ್ಲದೆ, ಬಳಿಕ ಮರೆಯಾದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಮ್ಮ ಅಭಿಮತ.