ಪಲ್ಮಿಡಿಯಿಂದ ಹಲ್ಮಿಡಿಗೆ

ಅದು ಕದಂಬರ ಕಾಲ, ಕ್ರಿ.ಶ. 450ರ ಸುಮಾರು. ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜ ಅರಸನಿಗೆ ಎರಡು ಊರುಗಳನ್ನು ಬಾಳ್ಗಚ್ಚಾಗಿ, ಅಂದರೆ ವೀರನಿಗೆ ಸಲ್ಲುವ ದತ್ತಿಯಾಗಿ, ಬಿಟ್ಟುಕೊಟ್ಟ ಸಂಗತಿಯನ್ನು ಕಲ್ಲಿನಲ್ಲಿ 16 ಸಾಲಾಗಿ ಕೊರೆದರು. ಆ ಊರುಗಳಲ್ಲೊಂದರ ಹೆಸರು ಪಲ್ಮಿಡಿ. ಬೇಲೂರು ತಾಲ್ಲೂಕಿನ ಆ ಊರನ್ನು ನಾವಿಂದು ಹಲ್ಮಿಡಿ ಎನ್ನುತ್ತೇವೆ. ಕಲ್ಲು ತನ್ನ ಮಾತಿಗೆ ನಿಂತಿತು, ಊರಿನ ಬಾಯಿ ಮುಂದೆ ಸಾಗಿತು.

ಪಂಪ 941ರಲ್ಲಿ ಕಾವ್ಯ ಬರೆದಾಗ ಹಾಲು ಪಾಲೇ ಆಗಿತ್ತು, ಹುಲಿ ಪುಲಿಯೇ ಆಗಿತ್ತು. ಮುಂದಿನ ಶತಮಾನಗಳಲ್ಲಿ ಪಕಾರ ಮೆತ್ತಗಾಗುತ್ತ ಹಕಾರವಾಯಿತು. ಯಾವ ಅರಸನೂ ಅಪ್ಪಣೆ ಕೊಡಿಸಲಿಲ್ಲ, ಯಾವ ಪಂಡಿತನೂ ಒಪ್ಪಿಗೆ ಹಾಕಲಿಲ್ಲ. ಹಾಲು ಕರೆಯುವವರು, ಹೂ ಕಟ್ಟುವವರು, ಹೊಲ ಉಳುವವರು ದಿನದಿನವೂ ಆಡಿ ಆಡಿ ಅದನ್ನು ಸವೆಸಿದರು.

ಇನ್ನೊಂದು ಅಕ್ಷರದ ಕಥೆ ನನ್ನ ಮನಸ್ಸನ್ನು ಹೆಚ್ಚು ಕಲಕುತ್ತದೆ. ಅದು ೞಕಾರ. ಆಳ್ ಎಂದರೆ ಸೇವಕ, ಆೞ್ ಎಂದರೆ ಮುಳುಗು. ತೋಳ್ ಮೈಯ ಅಂಗ, ತೋೞ ಕಾಡಿನ ಮೃಗ. ಹಳೆಯ ಕಿವಿಗೆ ಇವು ಬೇರೆ ಬೇರೆಯಾಗಿಯೇ ಕೇಳುತ್ತಿದ್ದವು. 1260ರ ಹೊತ್ತಿಗೆ ಕೇಶಿರಾಜ ಶಬ್ದಮಣಿದರ್ಪಣ ಎಂಬ ವ್ಯಾಕರಣ ಬರೆಯುವಾಗ ಆ ಭೇದ ನಾಲಿಗೆಯಿಂದ ಜಾರುತ್ತಿತ್ತು. ಅವನು ೞಕಾರವಿರುವ ಪದಗಳನ್ನು ಒಂದೊಂದಾಗಿ ಆಯ್ದು ಪಟ್ಟಿಗೆ ಸೇರಿಸಿದ. ಎಲ್ಲರಿಗೂ ತಿಳಿದಿದ್ದನ್ನು ಯಾರೂ ಹೀಗೆ ಪಟ್ಟಿ ಮಾಡುವುದಿಲ್ಲ. ಕೈಬಿಟ್ಟು ಹೋಗುತ್ತಿರುವುದನ್ನು ಮಾತ್ರ ಮಾಡುತ್ತಾರೆ. ಅಷ್ಟು ಮಾಡಿದರೂ ೞಕಾರ ಉಳಿಯಲಿಲ್ಲ. ಮೞೆ ಮಳೆಯಾಯಿತು, ಕೋೞಿ ಕೋಳಿಯಾಯಿತು. ಅದರ ಜೊತೆಗೆ ಱಕಾರವೂ ಹೋಯಿತು. ಮಱೆ ಎಂಬ ಮಾತೇ ತನ್ನ ಅಕ್ಷರವನ್ನು ಮರೆತಿತು.

ಇನ್ನು ಸಾವಿರ ವರ್ಷದ ಮೇಲೆ ಕನ್ನಡ ಹೇಗಿರುತ್ತದೆ ಎಂದು ಕೇಳುವವರು ದೂರ ಹುಡುಕಬೇಕಿಲ್ಲ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಹಾಲು ಈಗಾಗಲೇ ಆಲು, ಹೂವು ಊವು. ಶಾಲೆಯಲ್ಲಿ ಅದನ್ನು ತಪ್ಪೆಂದು ತಿದ್ದುತ್ತಾರೆ. ಪಾಲನ್ನು ಹಾಲು ಎಂದ ಮೊದಲ ಮಗುವನ್ನೂ ಯಾರೋ ಹಿರಿಯರು ಹೀಗೆಯೇ ತಿದ್ದಿರಬೇಕು. ಪಲ್ಮಿಡಿ ಹಲ್ಮಿಡಿಯಾಯಿತು, ಹಲ್ಮಿಡಿ ಅಲ್ಮಿಡಿಯೂ ಆದೀತು. ಆಗಲೂ ಆ ಊರಿನಲ್ಲಿ ಬೆಳಗಾದರೆ ಯಾರೋ ಕೊಟ್ಟಿಗೆಯಲ್ಲಿ ಕುಳಿತು ಆಲು ಕರೆಯುತ್ತಿರುತ್ತಾರೆ.